ಸಮದುಃಖಿಯ ಮಾತು

ನಮ್ಮ ಹಿರಿಯರು ‘ಆಧಿವ್ಯಾಧಿ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಹಬ್ಬದ ದಿನ ಕಾಲಿಗೆ ಬಿದ್ದ ಮಕ್ಕಳನ್ನು ‘ಆಧಿವ್ಯಾಧಿಗಳಿಲ್ಲದೆ ನೂರು ವರ್ಷ ಬಾಳಿ’ ಎಂದು ಹರಸುತ್ತಿದ್ದರು. ಕೇಳುವವರಿಗೆ ಇದು ಸೊಪ್ಪುಸದೆ, ಗಿಡಗಂಟಿ ಎನ್ನುವಂತೆ ಬರಿಯ ಜೋಡಿನುಡಿಯಾಗಿ ತೋರಬಹುದು. ಹಾಗಲ್ಲ. ಇವು ಎರಡು ಬೇರೆ ಬೇರೆ ಪದಾರ್ಥಗಳು. ವ್ಯಾಧಿಯೆಂದರೆ ದೇಹದ ಬೇನೆ. ಆಧಿಯೆಂದರೆ ಮನಸ್ಸಿನ ಬೇನೆ. ಎರಡೂ ಅವಳಿಗಳಂತೆ ಕೂಡಿಯೇ ಬರುವುದರಿಂದ ಮಾತಿನಲ್ಲಿಯೂ ಕೂಡಿಕೊಂಡಿವೆ. ಕೂಡಿ ಬಂದರೂ ಎರಡಕ್ಕೂ ಮದ್ದು ಒಂದೇ ಅಲ್ಲ ಎಂಬುದನ್ನು ನಾವು ಮರೆತಿದ್ದೇವೆ.

ಒಬ್ಬ ಗೃಹಸ್ಥರು ಆಸ್ಪತ್ರೆಗೆ ಹೋಗುತ್ತಾರೆನ್ನಿ. ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ‘ನಿಮಗೆ ಸಕ್ಕರೆ ಕಾಯಿಲೆ ಇದೆ’ ಎಂದು ಹೇಳಿ, ಚೀಟಿ ಬರೆದು ಕೊಡುತ್ತಾರೆ. ಆಸ್ಪತ್ರೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ರಕ್ತದೊಳಗಿನ ಸಕ್ಕರೆ ಹೆಚ್ಚೇನೂ ಏರಿರುವುದಿಲ್ಲ. ಮನಸ್ಸಿನೊಳಗೆ ಮಾತ್ರ ಕಾಯಿಲೆ ಬೆಟ್ಟದಷ್ಟು ಬೆಳೆದಿರುತ್ತದೆ. ಕಣ್ಣು ಹೋಗುತ್ತದಂತೆ, ಕಾಲು ತೆಗೆಯುತ್ತಾರಂತೆ, ಇನ್ನು ಅನ್ನದ ಮುಖ ಕಾಣುವಂತಿಲ್ಲವಂತೆ, ಮಗಳ ಮದುವೆಗೆ ಮೊದಲೇ ಇದು ನಾಲ್ಕು ಜನಕ್ಕೆ ತಿಳಿದರೆ ಬೀಗರು ಏನೆಂದಾರು! ಡಾಕ್ಟರು ಚೀಟಿ ಬರೆದದ್ದು ವ್ಯಾಧಿಗೆ. ಈ ಎರಡನೆಯದಕ್ಕೆ ಚೀಟಿ ಬರೆಯುವವರು ಯಾರು?

ಇಂದು ನಾನು ಮಾತನಾಡಬೇಕೆಂದಿರುವುದು ಅವರನ್ನು ಕುರಿತೇ. ಅವರು ವೈದ್ಯರಲ್ಲ, ಜ್ಞಾನಿಗಳೂ ಅಲ್ಲ. ಅದೇ ಬೇನೆಯನ್ನು ಮೊದಲೇ ಉಂಡು, ಅದೇ ದಾರಿಯಲ್ಲಿ ನಮಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿರುವ ನಮ್ಮಂಥವರೇ. ಇಂಥವರಿಗೆ ‘ಸಮದುಃಖಿ’ ಎಂಬ ಒಳ್ಳೆಯ ಹೆಸರು ನಮ್ಮ ಭಾಷೆಯಲ್ಲಿ ಹಿಂದಿನಿಂದಲೂ ಇದೆ.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಉಪಚಾರ ಮಾಡುವವನು ಮತ್ತು ರೋಗಿ. ಮಂಚಕ್ಕೆ ನಾಲ್ಕು ಕಾಲಿದ್ದಂತೆ ಇವು. ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ವೈದ್ಯನಿಗೂ ಔಷಧಕ್ಕೂ ಗುಣಗಳನ್ನು ಹೇಳಿದಂತೆಯೇ ರೋಗಿಗೂ ನಾಲ್ಕು ಗುಣಗಳು ಬೇಕೆಂದು ಆ ಗ್ರಂಥ ವಿಧಿಸುತ್ತದೆ. ಒಂದು, ನೆನಪು. ಎರಡು, ಹೇಳಿದಂತೆ ನಡೆಯುವುದು. ಮೂರು, ಅಂಜದಿರುವುದು. ನಾಲ್ಕು, ತನ್ನ ರೋಗವನ್ನು ತಿಳಿಯಹೇಳುವ ಶಕ್ತಿ. ರೋಗಿಯೆಂದರೆ ಮಲಗಿಕೊಂಡು ಮದ್ದು ನುಂಗುವವನು ಮಾತ್ರವಲ್ಲ, ಅವನಿಗೂ ಮಾಡಬೇಕಾದ ಕೆಲಸವಿದೆ ಎಂದು ಇದರ ಅಭಿಪ್ರಾಯ.

ಈಗ ಯೋಚಿಸಿ ನೋಡಿ. ಈ ನಾಲ್ಕು ಗುಣಗಳಲ್ಲಿ ಯಾವುದಾದರೂ ಔಷಧದ ಅಂಗಡಿಯಲ್ಲಿ ಸಿಕ್ಕುತ್ತದೆಯೇ? ಮೊದಲನೆಯ ಎರಡನ್ನು ಮನೆಯವರು ಗದರಿಸಿಯೋ ಪುಸಲಾಯಿಸಿಯೋ ತರಿಸಿಕೊಟ್ಟಾರು. ಆದರೆ ಅಂಜಬೇಡ ಎಂದು ಮನೆಯವರು ಎಷ್ಟು ಸಲ ಹೇಳಿದರೂ ಅಂಜಿಕೆ ಹೋಗುವುದಿಲ್ಲ. ಏಕೆಂದರೆ ಹೇಳುವವರ ಮುಖದಲ್ಲಿಯೇ ಅಂಜಿಕೆ ಬರೆದಿರುತ್ತದೆ. ತಿಳಿಯಹೇಳುವ ಶಕ್ತಿಯಂತೂ ಇನ್ನೂ ದುರ್ಲಭ. ಡಾಕ್ಟರ ಎದುರು ಕುಳಿತಾಗ ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ನೆನಪಿದ್ದ ಮಾತು ಮರೆತೇ ಹೋಗುತ್ತದೆ. ಹೊರಗೆ ಐವತ್ತು ಜನ ಕಾದಿರುತ್ತಾರೆ. ಒಳಗೆ ಸಿಕ್ಕುವುದು ಐದು ನಿಮಿಷ. ಇದ್ದದ್ದರಲ್ಲಿ ಮುಖ್ಯವಾದುದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿ ಎದ್ದು ಬರುತ್ತೇವೆ. ಅಂಜಿಕೆಯನ್ನು ಕಳೆಯುವುದು, ಮಾತನ್ನು ಕಲಿಸುವುದು, ಈ ಎರಡು ಕೆಲಸಗಳಲ್ಲಿ ಸಮದುಃಖಿಗೆ ಸರಿಸಾಟಿಯಾದವರಿಲ್ಲ.

ಇದು ಬರಿಯ ಊಹೆಯಲ್ಲ. ನಮ್ಮ ನಾಡಿನಲ್ಲಿಯೇ ನಡೆದ ಒಂದು ವಿಚಾರಣೆಯನ್ನು ನೆನೆಯೋಣ. ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಕ್ಷಯದ ಲಕ್ಷಣಗಳಿದ್ದ ಗ್ರಾಮಾಂತರ ಜನರ ಮನೋಭಾವವೇನೆಂದು ಆ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬುವರು ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ, ೧೯೬೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದುವರೆಗೆ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಆದುದರಿಂದ ಆಸ್ಪತ್ರೆಗೆ ಬರುವುದಿಲ್ಲ. ವಿಚಾರಿಸಿದಾಗ ಕಂಡದ್ದು ಬೇರೆ. ರೋಗವಿದ್ದವರಲ್ಲಿ ಬಹುಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅನೇಕರು ಅದರ ಚಿಂತೆಯಲ್ಲಿಯೂ ಇದ್ದರು. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಹಾಗೆ ಹತ್ತಿದವರಲ್ಲಿಯೂ ಎಷ್ಟೋ ಜನ ಕೆಮ್ಮಿನ ಔಷಧದ ಸೀಸೆಯನ್ನು ಹಿಡಿದು ಹಿಂದಿರುಗಿದ್ದರು.

ಅಂದರೆ ಅಲ್ಲಿ ಚಿಂತೆಗೆ ಕೊರತೆಯಿರಲಿಲ್ಲ. ಚಿಂತೆಯಿಂದ ಸರಿಯಾದ ಬಾಗಿಲಿಗೆ ಹೋಗುವ ದಾರಿ ಕಾಣದೆ ಹೋಗಿತ್ತು. ಆ ಹಳ್ಳಿಯ ಜಗುಲಿಯ ಮೇಲೆ ಕ್ಷಯದಿಂದ ಗುಣವಾದವರೊಬ್ಬರು ಕುಳಿತಿದ್ದರೆ ಏನು ಹೇಳುತ್ತಿದ್ದರು? ‘ಅಣ್ಣಾ, ಬರೀ ಕೆಮ್ಮು ಅಂತ ಹೇಳಿ ಬರಬೇಡ. ಎರಡು ವಾರ ಮೀರಿತು ಅಂತ ಹೇಳು, ಸಂಜೆ ಜ್ವರ ಬರ್ತದೆ ಅಂತ ಹೇಳು, ಕಫ ಪರೀಕ್ಷೆ ಮಾಡಿಸಿ ಅಂತ ಬಾಯಿಬಿಟ್ಟು ಕೇಳು’ ಎನ್ನುತ್ತಿದ್ದರು. ಈ ಮೂರು ಮಾತು ಒಂದು ಜೀವವನ್ನು ಉಳಿಸಬಲ್ಲದು. ಇಂದಿನ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ, ಗುಣವಾದವರನ್ನೇ ‘ಟಿ.ಬಿ. ಚಾಂಪಿಯನ್’ ಎಂದು ಕರೆದು, ತರಬೇತಿ ಕೊಟ್ಟು, ಹೊಸ ರೋಗಿಗಳ ಬಳಿಗೆ ಕಳಿಸುವ ಏರ್ಪಾಡಿರುವುದು ಈ ತತ್ತ್ವವನ್ನು ಅರಿತೇ.

ಇನ್ನು ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ, ಅಕ್ಷರ ಬಲ್ಲ ನಮ್ಮವರ ನಡುವೆಯೇ ಬರೋಣ. ನಮ್ಮ ಶಾಲೆಯಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು. ಲೆಕ್ಕದಲ್ಲಿ ಎಷ್ಟು ಗಟ್ಟಿಯೋ ಗುಟ್ಟಿನಲ್ಲಿಯೂ ಅಷ್ಟೇ ಗಟ್ಟಿ. ಸಕ್ಕರೆ ಕಾಯಿಲೆ ಬಂದು ಒಂದು ವರ್ಷವಾಗಿದ್ದರೂ ಒಬ್ಬರಿಗೂ ತಿಳಿಸಿರಲಿಲ್ಲ. ಮಾತ್ರೆಗಳನ್ನು ಕಂಪಾಸು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದರು. ಒಂದು ಏಕಾದಶಿಯ ದಿನ ರೂಢಿಯಂತೆ ಉಪವಾಸ ಮಾಡಿ, ರೂಢಿಯಂತೆ ಮಾತ್ರೆಯನ್ನೂ ನುಂಗಿ ಪಾಠಕ್ಕೆ ಬಂದರು. ಮೂರನೆಯ ಪೀರಿಯಡ್ಡಿನಲ್ಲಿ ಮೈಯೆಲ್ಲ ಬೆವೆತು, ಕೈ ನಡುಗಿ, ಕೂಡುವ ಲೆಕ್ಕವೇ ತಪ್ಪಿತು. ಹುಡುಗರು ಮೊದಲು ನಕ್ಕರು, ಆಮೇಲೆ ಹೆದರಿದರು. ಪಕ್ಕದ ಕೊಠಡಿಯಿಂದ ಡ್ರಾಯಿಂಗ್ ಮೇಷ್ಟ್ರು ಬಂದು ನೋಡಿದವರೇ ಏನೊಂದೂ ಕೇಳದೆ, ಜವಾನನ ಕೈಯಲ್ಲಿ ಚಹದ ಸಕ್ಕರೆಯನ್ನು ತರಿಸಿ, ಮೂರು ನಾಲ್ಕು ಚಮಚದಷ್ಟನ್ನು ನೀರಿನಲ್ಲಿ ಕದಡಿ ಕುಡಿಸಿದರು. ಕಾಲು ಗಂಟೆಯಲ್ಲಿ ಇವರು ಸುಧಾರಿಸಿಕೊಂಡರು.

‘ಇದು ನಿಮಗೆ ಹೇಗೆ ತಿಳಿಯಿತು, ಮೇಷ್ಟ್ರೇ?’ ಎಂದು ಗಣಿತದವರು ಕೇಳಿದರು.

‘ನನಗೆ ಬಂದು ಹನ್ನೊಂದು ವರ್ಷವಾಯಿತು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ’ ಎಂದರು ಅವರು.

ಇಬ್ಬರೂ ಆರು ವರ್ಷದಿಂದ ಒಂದೇ ಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದವರು! ಅಂದಿನಿಂದ ಅವರಿಬ್ಬರ ನಡುವೆ ನಡೆದ ಪಾಠವನ್ನು ನಾನು ಹತ್ತಿರದಿಂದ ಕೇಳಿದ್ದೇನೆ. ಜೇಬಿನಲ್ಲಿ ಸದಾ ಒಂದಿಷ್ಟು ಸಕ್ಕರೆ ಇರಲಿ. ಉಪವಾಸದ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಕನ್ನಡಿ ಹಿಡಿದು ನೋಡಿ. ಕಾಲಿಗೆ ಸ್ಪರ್ಶ ಕಡಿಮೆಯಾದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಮನೆಯವರಿಗೆ ಹೇಳಿ; ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಅವರಿಗೆ ತಿಳಿದಿರಲಿ. ಇವುಗಳಲ್ಲಿ ಒಂದೊಂದೂ ಡಾಕ್ಟರು ಹೇಳಬಹುದಾದ ಮಾತೇ. ಹೇಳಿಯೂ ಇದ್ದರೋ ಏನೋ. ಆದರೆ ಹನ್ನೊಂದು ವರ್ಷ ಅದರೊಡನೆ ಸಂಸಾರ ಮಾಡಿದವರು ಹೇಳಿದಾಗ ಅದು ಕಿವಿಯಲ್ಲಿ ನಿಂತಿತು. ಡ್ರಾಯಿಂಗ್ ಮೇಷ್ಟ್ರ ಇನ್ನೊಂದು ದೊಡ್ಡತನವನ್ನು ಹೇಳಬೇಕು. ‘ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂದು ಇವರು ಕೇಳಿದರೆ, ‘ಅದು ನನ್ನ ಮೈಗೆ ಬರೆದದ್ದು. ನಿಮ್ಮ ಮೈಯನ್ನು ಡಾಕ್ಟರಿಗೆ ತೋರಿಸಿ’ ಎಂದುಬಿಟ್ಟರು.

ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ೧೦ ಕೋಟಿಗೂ ಹೆಚ್ಚು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಇಷ್ಟು ಜನರಿರುವಾಗ, ಯಾವ ಕಚೇರಿಯ, ಯಾವ ಶಾಲೆಯ, ಯಾವ ಬೀದಿಯ ಬೆಂಚಿನ ಮೇಲೆ ಒಬ್ಬ ಸಮದುಃಖಿ ಇಲ್ಲದಿದ್ದಾನು? ಇದ್ದಾನೆ. ಇಬ್ಬರೂ ಬಾಯಿ ಬಿಡುವುದಿಲ್ಲ, ಅಷ್ಟೆ.

ಹೊರದೇಶಗಳಲ್ಲಿ ಈ ಮೌನವನ್ನು ಮುರಿದವರ ಕಥೆಗಳು ಸ್ವಾರಸ್ಯವಾಗಿವೆ. ಅಮೆರಿಕದ ಬಾಸ್ಟನ್ ನಗರದಲ್ಲಿ ೧೯೦೫ರಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಕ್ಷಯರೋಗಿಗಳ ಒಂದು ‘ತರಗತಿ’ಯನ್ನು ತೆರೆದರು. ಆಗ ಕ್ಷಯಕ್ಕೆ ಔಷಧವೇ ಇರಲಿಲ್ಲ. ವಿಶ್ರಾಂತಿ, ಒಳ್ಳೆಯ ಗಾಳಿ, ಒಳ್ಳೆಯ ಆಹಾರ, ಇಷ್ಟೇ ಚಿಕಿತ್ಸೆ. ಸ್ಯಾನಟೋರಿಯಮ್ಮಿಗೆ ಹೋಗುವ ಶಕ್ತಿಯಿಲ್ಲದ ಬಡವರನ್ನು ಪ್ರ್ಯಾಟ್ ಸೇರಿಸಿಕೊಂಡರು. ಪ್ರತಿಯೊಬ್ಬರೂ ತಮ್ಮ ಜ್ವರ, ಊಟ, ವಿಶ್ರಾಂತಿಗಳನ್ನು ಒಂದು ಪುಸ್ತಕದಲ್ಲಿ ಬರೆದು, ವಾರಕ್ಕೊಮ್ಮೆ ಕೂಡಿ ಅದನ್ನು ತೋರಿಸಬೇಕು. ವೈದ್ಯರ ಉದ್ದೇಶ ಶಿಸ್ತನ್ನು ಕಲಿಸುವುದಷ್ಟೇ ಆಗಿತ್ತು. ಆದರೆ ನಡೆದದ್ದು ಅದಕ್ಕಿಂತ ಹೆಚ್ಚು. ಬೇರೆ ಬೇರೆ ಜನಾಂಗದ, ಬೇರೆ ಬೇರೆ ಮತದ ಆ ಜನ ಒಂದೇ ರೋಗವೆಂಬ ನಂಟಿನಿಂದ ಸ್ನೇಹಿತರಾದರು. ಒಬ್ಬನ ತೂಕ ಹೆಚ್ಚಿದ್ದನ್ನು ಕಂಡು ಇನ್ನೊಬ್ಬನಿಗೆ ಆಸೆ ಹುಟ್ಟಿತು. ಕೂಡಿ ಕೂರುವುದೇ ಚಿಕಿತ್ಸೆಯ ಒಂದು ಭಾಗವೆಂದು ಪ್ರ್ಯಾಟ್ ಆಮೇಲೆ ಕಂಡುಕೊಂಡರು.

ಮೂವತ್ತು ವರ್ಷ ಕಳೆದ ಮೇಲೆ, ೧೯೩೫ರಲ್ಲಿ, ಅದೇ ದೇಶದ ಆಕ್ರನ್ ಎಂಬ ಊರಿಗೆ ನ್ಯೂಯಾರ್ಕಿನ ಷೇರು ವ್ಯಾಪಾರಿಯೊಬ್ಬ ಬಂದಿದ್ದ. ಬಿಲ್ ವಿಲ್ಸನ್ ಎಂದು ಹೆಸರು. ಕುಡಿತದಿಂದ ಹಾಳಾಗಿ, ಕೆಲವೇ ತಿಂಗಳ ಹಿಂದೆ ಅದನ್ನು ಬಿಟ್ಟವನು. ಬಂದ ಕೆಲಸ ಕೆಟ್ಟಿತು. ಮನಸ್ಸು ಮತ್ತೆ ಸೀಸೆಯ ಕಡೆಗೆ ಎಳೆಯಿತು. ತನ್ನನ್ನು ಉಳಿಸಿಕೊಳ್ಳಬೇಕಾದರೆ ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕೆಂದು ಅವನಿಗೆ ತೋರಿತು. ವಿಚಾರಿಸುತ್ತ ವಿಚಾರಿಸುತ್ತ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು ಸಿಕ್ಕಿದರು. ಆ ವೈದ್ಯರೂ ಕುಡಿತಕ್ಕೆ ಸಿಕ್ಕಿದವರೇ. ಹದಿನೈದು ನಿಮಿಷ ಮಾತ್ರ ಎಂದು ಕುಳಿತ ವೈದ್ಯರು ಗಂಟೆಗಟ್ಟಲೆ ಏಳಲಿಲ್ಲ. ಉಪದೇಶವನ್ನು ಅವರು ಎಷ್ಟೋ ಕೇಳಿದ್ದರು. ತಾನು ಪಟ್ಟ ಪಾಡನ್ನೇ ಪಟ್ಟವನ ಮಾತನ್ನು ಕೇಳಿದ್ದು ಅದೇ ಮೊದಲು. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂದು ಇಂದು ನಮ್ಮ ದೇಶವೂ ಸೇರಿದಂತೆ ಲೋಕದ ಅನೇಕ ಕಡೆ ನಡೆಯುತ್ತಿರುವ ಕೂಟಗಳಿಗೆ ಆ ಭೇಟಿಯೇ ಮೂಲ. ಇಲ್ಲಿ ಕಾಣಬೇಕಾದುದು ಇದು: ಸಹಾಯ ಬೇಡಿ ಬಂದವನು ಬಿಲ್, ಸಹಾಯ ಸಿಕ್ಕಿದ್ದು ಇಬ್ಬರಿಗೂ. ಸಮದುಃಖಿಗಳ ನಡುವೆ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಭೇದವಿಲ್ಲ.

ಸಕ್ಕರೆ ಕಾಯಿಲೆಗೂ ಇಂಥ ಕಥೆಯಿದೆ. ಇನ್ಸುಲಿನ್ ಮೊದಲ ಬಾರಿಗೆ ಒಬ್ಬ ರೋಗಿಯ ಮೈ ಸೇರಿದ್ದು ೧೯೨೨ರ ಜನವರಿಯಲ್ಲಿ, ಕೆನಡದ ಟೊರಾಂಟೋ ನಗರದಲ್ಲಿ. ಆ ಕಾಲಕ್ಕೆ ಆರ್. ಡಿ. ಲಾರೆನ್ಸ್ ಎಂಬ ತರುಣ ವೈದ್ಯರು ಇದೇ ಕಾಯಿಲೆಯಿಂದ ಸಾವಿನ ಬಾಗಿಲಲ್ಲಿದ್ದರು. ೧೯೨೩ರಲ್ಲಿ ಇನ್ಸುಲಿನ್ ದೊರಕಿ ಬದುಕಿಕೊಂಡರು. ಬದುಕಿದ ಮೇಲೆ ಅದೇ ರೋಗಕ್ಕೆ ವೈದ್ಯರಾದರು. ೧೯೩೪ರಲ್ಲಿ, ತಮ್ಮ ರೋಗಿಯೇ ಆಗಿದ್ದ ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವರೊಡನೆ ಕೂಡಿ ಸಕ್ಕರೆ ಕಾಯಿಲೆಯವರದೇ ಒಂದು ಸಂಘವನ್ನು ಲಂಡನ್ನಿನಲ್ಲಿ ಕಟ್ಟಿದರು. ಲಾರೆನ್ಸ್ ೧೯೬೮ರವರೆಗೆ ಬಾಳಿದರು. ವೈದ್ಯ, ರೋಗಿ ಎರಡೂ ಒಬ್ಬರೇ ಆಗಿದ್ದ ಅವರು ಕೂಡ, ಚಿಕಿತ್ಸಾಲಯವೊಂದು ಸಾಲದು, ಸಂಘವೂ ಬೇಕು ಎಂದು ಕಂಡುಕೊಂಡರೆಂಬುದು ಯೋಚಿಸತಕ್ಕ ಮಾತು.

ಈಗ ಒಂದು ದುಃಖದ ಸಂಗತಿಯನ್ನು ಹೇಳುತ್ತೇನೆ. ನಮ್ಮ ಅತ್ತಿಗೆಯವರಿಗೆ ಎದೆಯಲ್ಲಿ ಒಂದು ಸಣ್ಣ ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ. ತುಂಬಿದ ಮನೆ, ಅತ್ತೆ, ನಾದಿನಿಯರು, ಹೆಣ್ಣುಮಕ್ಕಳು ಎಲ್ಲರೂ ಇದ್ದರು. ಆದರೂ ಹತ್ತು ತಿಂಗಳ ಕಾಲ ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಎಂಬ ಗಾದೆಯ ಮಾತಿನಂತಾಯಿತು ಅವರ ಪರಿಸ್ಥಿತಿ. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ರೋಗ ಎದೆಯನ್ನು ದಾಟಿತ್ತು. ಎರಡು ವರ್ಷ ಹೋರಾಡಿ ತೀರಿಕೊಂಡರು. ಹನ್ನೆರಡನೆಯ ದಿನ ಊಟಕ್ಕೆ ಬಂದಿದ್ದ ಒಬ್ಬ ಹಿರಿಯ ಮುತ್ತೈದೆ, ನಮ್ಮ ಮನೆಯಿಂದ ಎರಡು ಬೀದಿ ಆಚೆಯವರು, ಕಣ್ಣೊರೆಸಿಕೊಂಡು ಹೇಳಿದರು: ‘ನನಗೂ ಇದೇ ಆಗಿತ್ತು. ಆಪರೇಷನ್ ಆಗಿ ಒಂಬತ್ತು ವರ್ಷವಾಯಿತು. ಒಂದು ಮಾತು ನನ್ನ ಹತ್ತಿರ ಅಂದಿದ್ದರೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದೆ.’ ಒಂಬತ್ತು ವರ್ಷ ಅವರೂ ಅದನ್ನು ಯಾರಿಗೂ ಹೇಳಿರಲಿಲ್ಲ. ಇಬ್ಬರೂ ಪ್ರತಿ ಶುಕ್ರವಾರ ಒಂದೇ ಗುಡಿಗೆ ಹೋಗುತ್ತಿದ್ದವರು. ಒಬ್ಬರಿಗೊಬ್ಬರು ಕುಂಕುಮ ಕೊಡುತ್ತಿದ್ದವರು.

ತಾಯಂದಿರು, ಅಕ್ಕತಂಗಿಯರು ಈ ಮಾತನ್ನು ದಯವಿಟ್ಟು ಕೇಳಬೇಕು. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅಲ್ಲವೆಂದು ಹೇಳಬೇಕಾದವರು ಮಾತ್ರ ಡಾಕ್ಟರು. ನಮ್ಮ ಭಯವೂ ಅಲ್ಲ, ನಮ್ಮ ಧೈರ್ಯವೂ ಅಲ್ಲ. ಬೇಗ ಕಂಡುಹಿಡಿದರೆ ಈ ರೋಗ ಗುಣವಾಗುವ ಸಂಭವ ಹೆಚ್ಚು. ಅಮೆರಿಕದಲ್ಲಿ ಟೆರೀಸ್ ಲ್ಯಾಸರ್ ಎಂಬ ಮಹಿಳೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ, ತನ್ನಂತೆಯೇ ಆದ ಹೆಂಗಸರನ್ನು ಆಸ್ಪತ್ರೆಯ ಮಂಚದ ಬಳಿಗೇ ಹೋಗಿ ಮಾತನಾಡಿಸತೊಡಗಿದರು. ೧೯೫೨ರಲ್ಲಿ ಆರಂಭವಾದ ಆ ಕೆಲಸ ಇಂದು ಅನೇಕ ದೇಶಗಳಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಅದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಗುಡಿಯ ಜಗುಲಿಯ ಮೇಲೆ ಒಬ್ಬರು ಬಾಯಿಬಿಟ್ಟರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ನಾಣ್ಯದ ಇನ್ನೊಂದು ಮಗ್ಗುಲನ್ನೂ ತೋರಿಸದಿದ್ದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ತಾ ಕಂಡ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಮ್ಮಲ್ಲಿದೆ. ಸಮದುಃಖಿಗೆ ತಗಲಬಹುದಾದ ದೊಡ್ಡ ರೋಗ ಇದೇ. ತನಗೆ ಯಾವುದರಿಂದ ಗುಣವಾಯಿತೋ ಅದು ಲೋಕಕ್ಕೆಲ್ಲ ಮದ್ದು ಎಂದು ಅವನು ನಂಬಿಬಿಡುತ್ತಾನೆ. ಬೆಳಿಗ್ಗೆ ವಾಯುಸೇವನೆಗೆ ಹೋದಲ್ಲಿ ಇಂಥವರು ಸಿಕ್ಕುತ್ತಾರೆ. ‘ಇನ್ಸುಲಿನ್ನಾ? ಬಿಟ್ಟುಬಿಡಿ ಸ್ವಾಮಿ, ಹಾಗಲಕಾಯಿ ರಸ ಕುಡಿಯಿರಿ’ ಎನ್ನುತ್ತಾರೆ. ಹೇಳಿದವರಿಗೆ ಮಾತ್ರೆಯಲ್ಲೇ ನಿಲ್ಲುವ ಬಗೆಯ ಸಕ್ಕರೆ ಕಾಯಿಲೆ ಇದ್ದಿರಬಹುದು. ಕೇಳಿದವರ ಮಗನಿಗೆ ಇರುವುದು ಎಳೆತನದಲ್ಲೇ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆ. ಹೆಸರು ಒಂದೇ, ಮನೆ ಬೇರೆ. ಆ ಹುಡುಗನಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ.

ಕ್ಷಯದಲ್ಲಿಯೂ ಹಾಗೆಯೇ. ಸಾಧಾರಣ ಕ್ಷಯಕ್ಕೆ ಆರು ತಿಂಗಳು ಔಷಧ ನುಂಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ. ಒಳ್ಳೆಯ ಆಹಾರಕ್ಕೆಂದು ಕೊಡುವ ನೆರವನ್ನು ೨೦೨೪ರ ನವೆಂಬರಿನಿಂದ ತಿಂಗಳಿಗೆ ೧,೦೦೦ ರೂಪಾಯಿಗೆ ಏರಿಸಲಾಯಿತು. ಎರಡು ತಿಂಗಳಿಗೇ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. ಆಗ ಯಾರೋ ಹಿತೈಷಿ, ‘ನಾನು ಮೂರು ತಿಂಗಳಿಗೇ ಬಿಟ್ಟೆ, ಏನೂ ಆಗಲಿಲ್ಲ’ ಎನ್ನುತ್ತಾನೆ. ಅವನಿಗೆ ಏನೂ ಆಗದಿರಬಹುದು. ಇವನ ಮೈಯಲ್ಲಿ ಉಳಿದ ಕ್ರಿಮಿಗಳು ಮದ್ದಿಗೆ ಬಗ್ಗದಂತೆ ಬಲಿತು, ಇವನನ್ನೂ ಮನೆಯವರನ್ನೂ ಹಿಡಿಯಬಹುದು. ಒಬ್ಬರ ಚೀಟಿಯ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು, ಏಳು ದಿನದಲ್ಲಿ ಸಕ್ಕರೆ ಮಾಯವೆಂದು ಮೊಬೈಲಿಗೆ ಬಂದ ಸಂದೇಶವನ್ನು ನಂಬಿ ಔಷಧ ಬಿಡುವುದು ಇವೆಲ್ಲ ಇದೇ ಜಾತಿಗೆ ಸೇರಿದವು.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ನನಗೆ ತೋರುವ ಗೆರೆ ಬಹಳ ಸುಲಭವಾದದ್ದು. ಆಧಿವ್ಯಾಧಿಗಳೆಂಬ ಹಳೆಯ ಮಾತಿನಲ್ಲಿಯೇ ಅದು ಅಡಗಿದೆ. ವ್ಯಾಧಿಯನ್ನು ವೈದ್ಯರಿಗೆ ಒಪ್ಪಿಸಿ; ಆಧಿಯನ್ನು ಸಮದುಃಖಿಯೊಡನೆ ಹಂಚಿಕೊಳ್ಳಿ. ಆ ಪರೀಕ್ಷೆ ಮಾಡುವಾಗ ನೋಯುತ್ತದೆಯೇ? ಆಪರೇಷನ್ ಆದ ಮೇಲೆ ಎಷ್ಟು ದಿನಕ್ಕೆ ನೀರು ಸೇದಿದಿರಿ, ಅಡುಗೆ ಮಾಡಿದಿರಿ? ಮನೆಯಲ್ಲಿ ಹೇಗೆ ಹೇಳಿದಿರಿ? ಮದುವೆಮನೆಯಲ್ಲಿ ಹೋಳಿಗೆ ಬಡಿಸಿದರೆ ಏನು ಮಾಡುತ್ತೀರಿ? ರಾತ್ರಿ ನಿದ್ದೆ ಬಾರದಾಗ ಏನು ನೆನೆಯುತ್ತಿದ್ದಿರಿ? ಡಾಕ್ಟರನ್ನು ಏನೇನು ಕೇಳಬೇಕು? ಇವು ಸಮದುಃಖಿಯನ್ನು ಧಾರಾಳವಾಗಿ ಕೇಳಬಹುದಾದ ಪ್ರಶ್ನೆಗಳು. ಇವಕ್ಕೆ ಅವರಿಗಿಂತ ಚೆನ್ನಾಗಿ ಉತ್ತರ ಹೇಳುವವರಿಲ್ಲ. ಯಾವ ಔಷಧ, ಎಷ್ಟು, ಎಂದಿನವರೆಗೆ, ನಿಲ್ಲಿಸಬಹುದೇ, ಇದು ಆ ರೋಗವೇ ಅಲ್ಲವೇ? ಇವು ವೈದ್ಯರ ಪ್ರಶ್ನೆಗಳು. ಸಮದುಃಖಿಯ ಬಾಯಿಂದ ಇವಕ್ಕೆ ಉತ್ತರ ಬಂದರೆ ಕೈಮುಗಿದು ಕೇಳಿ, ಕಾಗದದ ಮೇಲೆ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಅಷ್ಟು ಸಾಕು.

ಕೇಳುವವರಿಗೆ ಹೇಳಿದಂತೆ, ಕೇಳಿಸಿಕೊಳ್ಳುವವರಿಗೂ ಎರಡು ಮಾತು ಹೇಳಬೇಕು. ನಿಮ್ಮ ಬಳಿಗೆ ಒಬ್ಬರು ಬಂದು, ದನಿ ತಗ್ಗಿಸಿ, ‘ನನಗೆ ಹೀಗಾಗಿದೆ’ ಎಂದು ಹೇಳಿದರೆ, ಅವರು ಅಲ್ಲಿಯವರೆಗೆ ಬರಲು ಎಷ್ಟು ದಿನ ತೊಳಲಾಡಿದ್ದಾರೋ ತಿಳಿಯದು. ಮೊದಲು ಪೂರ್ತಿ ಕೇಳಿ. ‘ನಮ್ಮ ಭಾವನಿಗೂ ಇದೇ ಆಗಿತ್ತು, ಆರು ತಿಂಗಳಲ್ಲಿ ಹೋದ’ ಎಂಬ ಪುರಾಣವನ್ನು ತೆಗೆಯಬೇಡಿ. ‘ಏನೂ ಇಲ್ಲ, ಎಲ್ಲ ನಿಮ್ಮ ಭ್ರಮೆ’ ಎಂದು ಹಾರಿಸಲೂ ಬೇಡಿ. ಒಂದು ಹೆದರಿಸಿ ಕೊಂದರೆ ಇನ್ನೊಂದು ಮರೆಸಿ ಕೊಲ್ಲುತ್ತದೆ. ‘ಯಾವಾಗ ಡಾಕ್ಟರ ಹತ್ತಿರ ಹೋಗೋಣ? ನಾನೂ ಜೊತೆಗೆ ಬರುತ್ತೇನೆ’ ಎನ್ನಿ. ನಿಮಗೆ ಒಪ್ಪಿಸಿದ ಗುಟ್ಟು ಒಬ್ಬರು ಅಡವಿಟ್ಟ ಒಡವೆಯಿದ್ದಂತೆ. ಅದನ್ನು ತೊಟ್ಟುಕೊಂಡು ಊರಲ್ಲಿ ಮೆರೆಯಬಾರದು. ನಮ್ಮ ಊರುಗಳಲ್ಲಿ ಜನ ಬಾಯಿ ಬಿಡದಿರುವುದಕ್ಕೆ ಮುಖ್ಯ ಕಾರಣ ರೋಗದ ಭಯವಲ್ಲ, ನಾಲಗೆಯ ಭಯ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇನ್ನೊಬ್ಬರ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲವನಿಂದ ಇನ್ನೊಬ್ಬರ ರೋಗವೂ ಹಗುರಾಗುತ್ತದೆ ಎಂದು ನಾವು ಅದಕ್ಕೆ ಸೇರಿಸಿಕೊಳ್ಳಬಹುದು.

ಆಧಿಯೇ ಬಲಿತು ವ್ಯಾಧಿಯಾಗುವುದೂ ಉಂಟು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡವೆಂಬ ಯೋಚನೆ ಬರುತ್ತದೆ ಎಂದರೆ ಅದು ಸ್ನೇಹಿತರ ಕೈಯನ್ನು ಮೀರಿದ ಮಾತು. ಅದಕ್ಕೂ ವೈದ್ಯರಿದ್ದಾರೆ. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ, ಹಣ ಕೊಡದೆ, ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದರ ಮುಖ್ಯ ಕೇಂದ್ರ. ಸಮದುಃಖಿಯ ಕರ್ತವ್ಯಗಳಲ್ಲಿ, ತನ್ನಿಂದಾಗದ್ದನ್ನು ಆಗಬಲ್ಲವರಿಗೆ ದಾಟಿಸುವುದೂ ಒಂದು.

ಊರೂರಿನಲ್ಲಿ ಭಜನಾ ಮಂಡಲಿಯಿದೆ, ಮಹಿಳಾ ಸಮಾಜವಿದೆ, ವಾಚನಾಲಯವಿದೆ, ನಿವೃತ್ತ ನೌಕರರ ಸಂಘವಿದೆ. ತಿಂಗಳಿಗೆ ಒಂದು ಭಾನುವಾರ, ಒಂದು ಗಂಟೆಯ ಕಾಲ, ಸಕ್ಕರೆ ಕಾಯಿಲೆಯವರೋ ರಕ್ತದೊತ್ತಡದವರೋ ಆ ಚಾವಡಿಯಲ್ಲಿ ಸೇರಲಿ. ಊರಿನ ಡಾಕ್ಟರೊಬ್ಬರು ಒಂದು ಮೂಲೆಯಲ್ಲಿ ಕುಳಿತು ಕೇಳುತ್ತಿರಲಿ. ಮೂರು ಕಾಲಿನ ಮೊಲ ಹೊರಟಾಗ ಮಾತ್ರ ಬಾಯಿ ಹಾಕಲಿ. ಮಿಕ್ಕದ್ದನ್ನು ರೋಗಿಗಳೇ ಮಾತನಾಡಿಕೊಳ್ಳಲಿ. ಇದಕ್ಕೆ ಚಂದಾ ಬೇಡ, ಅಧ್ಯಕ್ಷರು ಬೇಡ, ಹಾರತುರಾಯಿ ಬೇಡ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರಲ್ಲ. ಆ ಹೊರೆಯನ್ನೇ ಬಿಚ್ಚಿ ಹತ್ತು ಜನಕ್ಕೆ ಒಂದೊಂದು ಕಡ್ಡಿಯಂತೆ ಹಂಚಿದರೆ ಯಾರ ಕತ್ತೂ ನೋಯುವುದಿಲ್ಲ.

ಅಷ್ಟು ದೊಡ್ಡ ಏರ್ಪಾಡಿಗೆ ಕಾಯಬೇಕಾಗಿಯೂ ಇಲ್ಲ. ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಯಾರೋ ಒಬ್ಬರು ಯಾವುದೋ ಒಂದು ಗಂಟನ್ನು, ಒಂದು ಕೆಮ್ಮನ್ನು, ಒಂದು ಎದೆನೋವನ್ನು ಮನೆಯವರಿಗೂ ಹೇಳದೆ ಒಳಗೇ ಇಟ್ಟುಕೊಂಡು ಕುಳಿತಿರಬಹುದು. ಇನ್ನಾರೋ ಒಬ್ಬರು ಅದೇ ಬೇನೆಯನ್ನು ದಾಟಿ ಬಂದು, ಅದನ್ನು ಹೇಳುವುದೇಕೆಂದು ಸುಮ್ಮನಿರಬಹುದು. ಮೊದಲನೆಯವರು ನಾಳೆ ಡಾಕ್ಟರ ಬಳಿಗೆ ಹೋಗಲಿ. ಒಂಟಿಯಾಗಿ ಹೋಗಲು ಅಂಜಿಕೆಯಾದರೆ ಒಬ್ಬರನ್ನು ಜೊತೆಗೆ ಕರೆಯಲಿ. ಎರಡನೆಯವರು, ಕರೆಯುವವರೆಗೆ ಕಾಯದೆ, ‘ನನಗೂ ಆಗಿತ್ತು’ ಎಂಬ ಎರಡು ಮಾತನ್ನು ನೆರೆಯವರೆದುರು ಆಡಲಿ.